ಮೊಳದ ಹೂ, ಬಂಚಿನ ಹೂ

ಶುಕ್ರವಾರದ ಸಂಜೆ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಸುತ್ತ ಒಂದು ಸುತ್ತು ಬಂದರೆ ಎರಡು ತರಹದ ಹೂವಿನ ವ್ಯಾಪಾರ ಕಣ್ಣಿಗೆ ಬೀಳುತ್ತದೆ. ಒಂದು ಬುಟ್ಟಿಯ ವ್ಯಾಪಾರ. ಒದ್ದೆ ಬಟ್ಟೆ ಹಾಸಿದ ಬುಟ್ಟಿಯಲ್ಲಿ ಮಲ್ಲಿಗೆ, ಕನಕಾಂಬರ, ಕಾಕಡ, ಸೇವಂತಿಗೆ ಸುರುಳಿ ಸುತ್ತಿಕೊಂಡು ಕೂತಿರುತ್ತವೆ. ಕೇಳಿದಷ್ಟು ಮೊಳ ಅಳೆದು, ಮೇಲೊಂದಿಷ್ಟು ಕೊಸರು ಬಿಟ್ಟು ಕತ್ತರಿಸಿ, ಬಾಳೆ ಎಲೆಯ ಚೂರಿನಲ್ಲಿ ಮಡಚಿ ಕೈಗಿಡುತ್ತಾರೆ. ಇನ್ನೊಂದು ಬಕೆಟ್ಟಿನ ವ್ಯಾಪಾರ. ಪ್ಲಾಸ್ಟಿಕ್ ಬಕೆಟ್ಟುಗಳಲ್ಲಿ ಉದ್ದ ಕಡ್ಡಿಯ ಡಚ್ ರೋಸ್, ಜರ್ಬೆರಾ, ಕಾರ್ನೇಷನ್, ಗ್ಲಾಡಿಯೋಲಸ್, ಸುಗಂಧರಾಜದ ದಂಟುಗಳು ನಿಂತಿರುತ್ತವೆ. ಇಲ್ಲಿ ಲೆಕ್ಕ ಮೊಳದಲ್ಲಲ್ಲ, ಬಂಚಿನಲ್ಲಿ.

ಬನಶಂಕರಿಯಲ್ಲಾಗಲಿ ಜೆ.ಪಿ. ನಗರದಲ್ಲಾಗಲಿ ಈಗ ಎಷ್ಟೋ ಮನೆಗಳಿಗೆ ಎರಡೂ ಒಂದೇ ಚೀಲದಲ್ಲಿ ಬರುತ್ತವೆ. ಮೊಳದ ಹೂ ದೇವರ ಮನೆಗೆ ಮತ್ತು ಮುಡಿಗೆ, ಬಂಚಿನ ಹೂ ಹಾಲಿನ ಟೀಪಾಯಿಗೆ. ಮೊಳದ ಹೂವನ್ನು ಹೇಗೆ ಇಡಬೇಕು ಎನ್ನುವುದು ನಮ್ಮ ಮನೆಗಳಿಗೆ ತಲೆಮಾರುಗಳಿಂದ ಗೊತ್ತು. ಅದನ್ನು ಯಾರೂ ಪುಸ್ತಕ ನೋಡಿ ಕಲಿತದ್ದಲ್ಲ. ಬಂಚಿನ ಹೂ ಮಾತ್ರ ಹೊಸ ನೆಂಟ. ಬೆಂಗಳೂರು ಮತ್ತು ಹೊಸೂರಿನ ಸುತ್ತ ಪಾಲಿಹೌಸುಗಳು ಎದ್ದು, ಹೊರದೇಶಕ್ಕೆಂದು ಬೆಳೆದ ಗುಲಾಬಿ ಊರೊಳಗೂ ಸಿಗತೊಡಗಿದ್ದು ತೊಂಬತ್ತರ ದಶಕದಿಂದೀಚೆಗೆ. ಅದರ ಆರೈಕೆ ನಮಗಿನ್ನೂ ಕೈಗೂಡಿಲ್ಲ. ಮಲ್ಲಿಗೆಯನ್ನು ಎಲೆಯಲ್ಲಿ ಸುತ್ತಿ ಜೋಪಾನ ಮಾಡುವ ಮನೆಯಲ್ಲೇ ಗುಲಾಬಿಯನ್ನು ತಂದ ಹಾಗೆಯೇ ಚೊಂಬಿನ ನೀರಿಗೆ ಇಳಿಬಿಟ್ಟು, ಪಕ್ಕದಲ್ಲೇ ಬಾಳೆಹಣ್ಣಿನ ಬುಟ್ಟಿ ಇಟ್ಟಿರುತ್ತಾರೆ. ಮೂರನೇ ದಿನ ಗುಲಾಬಿ ಕತ್ತು ಬಾಗಿಸಿದಾಗ ಅಂಗಡಿಯವರನ್ನು ಬಯ್ಯುತ್ತಾರೆ.

ಎರಡೂ ಕಿತ್ತ ಹೂಗಳೇ, ಆದರೂ ಅವುಗಳ ಸ್ಥಿತಿ ಪೂರ್ತಿ ಬೇರೆ. ದಾರಕ್ಕೆ ಸೇರಿದ ಮಲ್ಲಿಗೆಗೆ ಕಡ್ಡಿಯಿಲ್ಲ, ಹಾಗಾಗಿ ನೀರು ಕುಡಿಯುವ ದಾರಿಯೇ ಇಲ್ಲ. ಒಳಗಿರುವ ತೇವವೇ ಅದರ ಆಸ್ತಿ. ಅದು ಖರ್ಚಾಗದಂತೆ ಕಾಯುವುದಷ್ಟೇ ನಮ್ಮ ಕೆಲಸ. ಬಂಚಿನ ಗುಲಾಬಿಗೆ ಕಡ್ಡಿಯಿದೆ, ಅದರೊಳಗೆ ಕೂದಲಿಗಿಂತ ಸಪೂರವಾದ ನೀರಿನ ನಾಳಗಳಿವೆ, ಗಿಡದಿಂದ ಬೇರೆಯಾದ ಮೇಲೂ ಅದು ಕುಡಿಯುತ್ತಲೇ ಇರುತ್ತದೆ. ಆ ದಾರಿ ಕಟ್ಟದಂತೆ ನೋಡಿಕೊಂಡರೆ ಅದು ದಿನಗಟ್ಟಲೆ ಬದುಕುತ್ತದೆ. ಒಂದಕ್ಕೆ ನೀರು ತಾಗಬಾರದು, ಇನ್ನೊಂದಕ್ಕೆ ನೀರು ತಪ್ಪಬಾರದು. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಉಳಿದ ಉಪಾಯಗಳೆಲ್ಲ ತಾವಾಗಿಯೇ ಹೊಳೆಯುತ್ತವೆ.

ಬುಟ್ಟಿಯ ಹೂ

ಮಲ್ಲಿಗೆಯಿಂದಲೇ ಶುರು ಮಾಡಬೇಕು. ಸಂಜೆಗೆ ಅರಳಬೇಕಾದ ಮೊಗ್ಗನ್ನು ಬೆಳಕು ಹರಿಯುವ ಹೊತ್ತಿಗೇ ಬಿಡಿಸುತ್ತಾರೆ. ಬಿಸಿಲೇರಿದ ಮೇಲೆ ಬಿಡಿಸಿದ ಮೊಗ್ಗು ಅರ್ಧ ತೇವವನ್ನು ತೋಟದಲ್ಲೇ ಕಳೆದುಕೊಂಡಿರುತ್ತದೆ. ಹೊಸೂರಿನ ಕಡೆಯಿಂದ, ಅದರಾಚೆಯ ತಮಿಳುನಾಡಿನ ಊರುಗಳಿಂದ ಮೂಟೆಗಳು ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಬಂದು ಬೀಳುತ್ತವೆ. ಆ ಮಾರುಕಟ್ಟೆಯಲ್ಲಿ ಊರು ಏಳುವ ಮೊದಲೇ ಹೂವಿನ ವ್ಯಾಪಾರದ ಗದ್ದಲ ಎದ್ದಿರುತ್ತದೆ. ಅಲ್ಲಿಂದ ಗಾಂಧಿ ಬಜಾರು, ಸಾರಕ್ಕಿ ಮಾರುಕಟ್ಟೆ, ಮಡಿವಾಳ, ಬನಶಂಕರಿ ದೇವಸ್ಥಾನದ ಮುಂದಿನ ಸಾಲು. ನಮ್ಮ ಕೈಗೆ ಬರುವಾಗ ಮೊಗ್ಗು ಗಿಡ ಬಿಟ್ಟು ಅರ್ಧ ದಿನವೋ ಒಂದು ದಿನವೋ ಆಗಿರುತ್ತದೆ. ಅಷ್ಟು ದೂರ ಬಂದರೂ ಅದು ಹೊಳಪು ಬಿಡದೆ ಇರುವುದಕ್ಕೆ ಬಿಡಿಸಿದವರ, ಹೊತ್ತವರ, ಕಟ್ಟಿದವರ ನಾಜೂಕು ಕಾರಣ.

ಕಟ್ಟುವುದನ್ನು ಒಮ್ಮೆ ಹತ್ತಿರ ಕೂತು ನೋಡಬೇಕು. ನೆನೆಸಿಟ್ಟ ಬಾಳೆನಾರಿನ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೋ ಬುಟ್ಟಿಯ ಅಂಚಿಗೋ ಸಿಕ್ಕಿಸಿಕೊಂಡಿರುತ್ತಾರೆ. ಎಡಗೈಯ ಎರಡು ಬೆರಳ ನಡುವೆ ಎರಡು ಮೊಗ್ಗು ಈ ಕಡೆ, ಎರಡು ಮೊಗ್ಗು ಆ ಕಡೆ, ತೊಟ್ಟಿಗೆ ತೊಟ್ಟು ತಾಗಿಸಿ ಇಡುತ್ತಾರೆ. ಬಲಗೈ ನಾರನ್ನು ಒಂದು ಸುತ್ತು ತಂದು, ಬೆರಳಿಗೆ ಕುಣಿಕೆ ಹಾಕಿ, ಆ ಕುಣಿಕೆಯನ್ನು ತೊಟ್ಟಿನ ಮೇಲೆ ಜಾರಿಸಿ ಎಳೆಯುತ್ತದೆ. ಎಳೆತ ಹೆಚ್ಚಾದರೆ ಮೊಗ್ಗಿನ ತೆಳು ಕೊಳವೆ ಕತ್ತರಿಸಿಹೋಗುತ್ತದೆ, ಕಡಿಮೆಯಾದರೆ ಮುಡಿಯುವ ಮೊದಲೇ ಉದುರುತ್ತದೆ. ಕೈ ಅದನ್ನು ನೋಡದೆಯೇ ಅಳೆಯುತ್ತದೆ; ಕಣ್ಣು ಗಿರಾಕಿಯ ಮೇಲಿರುತ್ತದೆ, ಬಾಯಿ ಎಷ್ಟು ಮೊಳ ಕೊಡಲಿ ಅಕ್ಕ ಎಂದು ಕೇಳುತ್ತಿರುತ್ತದೆ. ನೂಲಿನ ದಾರಕ್ಕಿಂತ ಬಾಳೆನಾರು ಒಳ್ಳೆಯದು ಎಂದು ಹಳಬರು ಹೇಳುವುದು ಸುಮ್ಮನೆ ಅಲ್ಲ. ನಾರು ಚಪ್ಪಟೆಯಾಗಿರುವುದರಿಂದ ತೊಟ್ಟನ್ನು ಕೊಯ್ಯುವುದಿಲ್ಲ, ನೆನೆದ ತೇವವನ್ನು ಹೊತ್ತುಕೊಂಡೂ ಇರುತ್ತದೆ. ಉಡುಪಿಯ ಶಂಕರಪುರ ಮಲ್ಲಿಗೆ ಇವತ್ತಿಗೂ ಬಾಳೆನಾರಿನಲ್ಲೇ ಕಟ್ಟಿ ಬರುತ್ತದೆ. ಅಲ್ಲಿ ಅಳತೆ ಬೇರೆ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆಯ ಜೊತೆಗೆ ಈ ಮಲ್ಲಿಗೆಗೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ.

ಮನೆಗೆ ತಂದ ಮೇಲೆ ಮಲ್ಲಿಗೆಗೆ ನೀರು ಚಿಮುಕಿಸುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಅದನ್ನು ಬಿಡುವುದು ಒಳ್ಳೆಯದು. ಎಸಳಿನ ಮೇಲೆ ನಿಂತ ಹನಿಯಿಂದ ಹೂವಿಗೆ ಏನೂ ಸಿಗುವುದಿಲ್ಲ. ಅದು ನಿಂತ ಕಡೆ ಎಸಳು ಕಂದಾಗಿ, ಆಮೇಲೆ ಕೊಳೆಯುತ್ತದೆ. ಅಂಗಡಿಯಲ್ಲಿ ಚಿಮುಕಿಸುತ್ತಾರಲ್ಲ ಎಂದರೆ, ಅಲ್ಲಿ ಬೀದಿಯ ಬಿಸಿಗಾಳಿಯಿದೆ, ಹನಿ ಕೆಲವೇ ನಿಮಿಷದಲ್ಲಿ ಆರಿ ಬುಟ್ಟಿ ತಂಪಾಗುತ್ತದೆ. ಮುಚ್ಚಿದ ಡಬ್ಬಿಯೊಳಗೆ ಹಾಗಾಗುವುದಿಲ್ಲ. ಮಲ್ಲಿಗೆಗೆ ಬೇಕಾದದ್ದು ಸುತ್ತ ತೇವವಿರುವ ತಂಪು ಗಾಳಿ. ಅದಕ್ಕೆ ಬಾಳೆ ಎಲೆಯಷ್ಟು ಒಳ್ಳೆಯ ಹೊದಿಕೆ ನನಗೆ ಬೇರೆ ಕಂಡಿಲ್ಲ. ಎಲೆ ತಾನೇ ತೇವ ಬಿಡುತ್ತದೆ, ಹೂವಿಗೆ ಅಂಟುವುದಿಲ್ಲ. ಎಲೆ ಸಿಗದಿದ್ದರೆ ತೆಳ್ಳಗಿನ ಹತ್ತಿಬಟ್ಟೆಯನ್ನು ನೆನೆಸಿ, ಹನಿ ಬೀಳದಂತೆ ಗಟ್ಟಿಯಾಗಿ ಹಿಂಡಿ, ಅದರಲ್ಲಿ ಸಡಿಲವಾಗಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿಡಬಹುದು.

ಫ್ರಿಜ್ಜಿನಲ್ಲಿಡುವಾಗ ಡಬ್ಬಿಯ ಮುಚ್ಚಳ ಬಿಗಿಯಾಗಿರಲೇಬೇಕು, ಅದಕ್ಕೆ ಎರಡು ಕಾರಣ. ಈಗಿನ ಫ್ರಿಜ್ಜುಗಳು ಒಳಗಿನ ಗಾಳಿಯ ತೇವವನ್ನು ಸತತವಾಗಿ ಹೊರಗೆಳೆಯುತ್ತವೆ. ತೆರೆದಿಟ್ಟ ಹೂ ರಾತ್ರಿ ಕಳೆಯುವುದರೊಳಗೆ ಒಣಗಿ ಮುದುಡುತ್ತದೆ. ಇನ್ನೊಂದು, ಹಾಲಿಗೂ ಮೊಸರಿಗೂ ಮಲ್ಲಿಗೆ ವಾಸನೆ ಹತ್ತುತ್ತದೆ. ಬೆಳಿಗ್ಗೆ ತೆಗೆದ ಕೂಡಲೇ ಡಬ್ಬಿ ತೆರೆಯಬೇಡಿ. ತಣ್ಣನೆಯ ಎಸಳಿಗೆ ಹೊರಗಿನ ಬೆಚ್ಚನೆಯ ಗಾಳಿ ತಾಗಿದರೆ ಅದರ ಮೇಲೆಲ್ಲ ನೀರು ಕೂರುತ್ತದೆ, ಮುಡಿಯುವ ಹೊತ್ತಿಗೆ ಕಂದು ಬಣ್ಣ ಕಾಣಿಸಿಕೊಳ್ಳುತ್ತದೆ. ಹತ್ತು ಹದಿನೈದು ನಿಮಿಷ ಮುಚ್ಚಿದಂತೆಯೇ ಹೊರಗಿಟ್ಟು ಆಮೇಲೆ ಬಿಚ್ಚಿದರೆ ಹೂ ಕಟ್ಟಿದ ದಿನದ ಹಾಗೆಯೇ ಇರುತ್ತದೆ. ಇಷ್ಟೆಲ್ಲ ಮಾಡಿದರೂ ಮಲ್ಲಿಗೆಗೆ ಎರಡು ದಿನದ ಮೇಲೆ ಆಸೆಪಡಬಾರದು. ಅದರ ಪರಿಮಳ ಅರಳುವ ರಾತ್ರಿಗೆ ಸೇರಿದ್ದು. ಅದನ್ನು ಫ್ರಿಜ್ಜಿನಲ್ಲಿ ತಡೆದು ನಿಲ್ಲಿಸಬಹುದು, ಕೂಡಿಡಲಾಗುವುದಿಲ್ಲ.

ಕಾಕಡಕ್ಕೆ ಮಲ್ಲಿಗೆಯ ಘಮ ಇಲ್ಲ, ತಾಳಿಕೆ ಹೆಚ್ಚು. ಕನಕಾಂಬರಕ್ಕೆ ಘಮವೇ ಇಲ್ಲ, ಆದರೆ ಅದರಷ್ಟು ಹೊತ್ತು ಬಣ್ಣ ಬಿಡದೆ ನಿಲ್ಲುವ ಮುಡಿಯ ಹೂ ಕಡಿಮೆ. ಮಲ್ಲಿಗೆ, ಕನಕಾಂಬರ, ನಡುವೆ ಮರುಗ ಅಥವಾ ದವನ ಸೇರಿಸಿ ಕಟ್ಟುವ ನಮ್ಮ ರೂಢಿಯಲ್ಲಿ ಒಂದು ಲೆಕ್ಕಾಚಾರವಿದೆ ಎಂದು ನನಗನ್ನಿಸುತ್ತದೆ. ಮಲ್ಲಿಗೆ ಬಾಡಿದ ಮೇಲೂ ದಂಡೆಯಲ್ಲಿ ಕನಕಾಂಬರದ ಬಣ್ಣ, ಮರುಗದ ವಾಸನೆ ಉಳಿದಿರುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕ ಅಂಬರ, ಅರ್ಕ ಕನಕ ಎಂಬ ಕನಕಾಂಬರದ ತಳಿಗಳನ್ನು ಕೊಟ್ಟಿದೆ. ಹೊರದೇಶಕ್ಕೆ ಹೋಗುವ ಗುಲಾಬಿಯಷ್ಟೇ ಗಂಭೀರವಾಗಿ ನಮ್ಮ ಮುಡಿಯ ಹೂವಿನ ಮೇಲೂ ವಿಜ್ಞಾನಿಗಳು ದುಡಿದಿರುವುದು ನನಗೆ ತುಂಬ ಮೆಚ್ಚುಗೆಯ ಸಂಗತಿ.

ಸೇವಂತಿಗೆ ಮತ್ತು ಚೆಂಡು ಹೂವಿನ ಶತ್ರು ಒಳಗೆ ಸಿಕ್ಕಿಹಾಕಿಕೊಂಡ ನೀರು. ಅವುಗಳ ಎಸಳು ಒತ್ತೊತ್ತಾಗಿರುತ್ತದೆ, ಮಳೆಗಾಲದ ಹೂವಿನ ಬುಡದಲ್ಲಿ ನೀರು ನಿಂತಿರುತ್ತದೆ. ಗೌರಿ ಗಣೇಶ, ಆಯುಧ ಪೂಜೆಗೆ ಕೇಜಿಗಟ್ಟಲೆ ತಂದು ಪ್ಲಾಸ್ಟಿಕ್ ಕವರಿನಲ್ಲೇ ಬಿಟ್ಟರೆ ಬೆಳಗಾಗುವುದರೊಳಗೆ ನಡುವಿನ ಹೂಗಳು ಬಿಸಿಯಾಗಿ ಕೊಳೆತ ವಾಸನೆ ಹೊಡೆಯುತ್ತವೆ. ಕಿತ್ತ ಹೂ ಉಸಿರಾಡುತ್ತಲೇ ಇರುತ್ತದೆ, ಉಸಿರಾಡಿದಂತೆ ಶಾಖ ಬಿಡುತ್ತದೆ, ರಾಶಿಯಲ್ಲಿ ಆ ಶಾಖಕ್ಕೆ ಹೊರಹೋಗಲು ದಾರಿಯಿಲ್ಲ. ತಂದ ಕೂಡಲೇ ಮೊರದಲ್ಲೋ ಹಳೆಯ ಪೇಪರಿನ ಮೇಲೋ ಹರಡಿ, ಫ್ಯಾನಿನ ಕೆಳಗಲ್ಲದ ತಂಪು ಮೂಲೆಯಲ್ಲಿ ಬಿಟ್ಟರೆ ಸಾಕು.

ವರಮಹಾಲಕ್ಷ್ಮಿಗೆ ತರುವ ತಾವರೆ ಮೊಗ್ಗಿನದು ಬೇರೆಯೇ ಕಥೆ. ಕತ್ತರಿಸಿದ ತಾವರೆ ಸಾಮಾನ್ಯವಾಗಿ ತಾನಾಗಿ ಅರಳುವುದಿಲ್ಲ, ದಂಟಿನಿಂದ ಹಾಲು ಸೋರಿ ನೀರಿನ ದಾರಿ ಬೇಗ ಕಟ್ಟಿಕೊಳ್ಳುತ್ತದೆ, ಎಸಳಿನ ಅಂಚು ಕಪ್ಪಾಗುತ್ತದೆ. ಹಿಂದಿನ ಸಂಜೆ ತಂದು, ದಂಟಿನ ತುದಿ ಕತ್ತರಿಸಿ ಆಳದ ನೀರಿನಲ್ಲಿಟ್ಟು, ಪೂಜೆಗೆ ಕೂರುವ ಮುನ್ನ ಎಸಳುಗಳನ್ನು ಒಂದೊಂದಾಗಿ ಕೈಯಲ್ಲೇ ಮಡಚಿ ಬಿಡಿಸುವುದು ಸರಿಯಾದ ಕ್ರಮ.

ಬಕೆಟ್ಟಿನ ಹೂ

ಇನ್ನು ಕಡ್ಡಿಯಿರುವ ಹೂ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು 1889ರ ಗಾಜಿನ ಮನೆಯಲ್ಲಿ ಗುಲಾಬಿ, ಸೇವಂತಿಗೆಯಿಂದ ಕಟ್ಟಿದ ದೊಡ್ಡ ಮಾದರಿಗಳನ್ನು ನೋಡಿಯೇ ಹೆಚ್ಚು ಹೊತ್ತು ಕಳೆಯುತ್ತಾರೆ. ಅಲ್ಲಿ ಜಪಾನಿ ಶೈಲಿಯ ಇಕೆಬಾನಾ ಜೋಡಣೆಗಳ ಕಡೆಗೂ ಹೋಗಬೇಕು ಎಂಬುದು ನನ್ನ ಒತ್ತಾಯ. ಎರಡು ಕಡ್ಡಿ, ಒಂದು ಹೂ, ಒಂದು ಎಲೆ ಅಷ್ಟೇ ಇರುವ ಜೋಡಣೆ ದಿನಗಟ್ಟಲೆ ನಿಲ್ಲಬೇಕಾದರೆ ಪ್ರತಿ ಕಡ್ಡಿಯ ಆರೈಕೆಯೂ ಸರಿಯಾಗಿರಬೇಕು. ಜಪಾನಿನವರು ಇದಕ್ಕಾಗಿ ಮಾಡಿಕೊಂಡಿರುವ ಉಪಾಯದ ಹೆಸರು ಮಿಜುಗಿರಿ, ಅಂದರೆ ಕಡ್ಡಿಯನ್ನು ನೀರಿನೊಳಗೇ ಮುಳುಗಿಸಿ ಕತ್ತರಿಸುವುದು.

ಇದನ್ನು ಮನೆಯಲ್ಲೇ ಮಾಡಿ ನೋಡಿ. ಅಗಲವಾದ ಬೇಸಿನ್ನಿನಲ್ಲಿ ನಸುಬೆಚ್ಚಗಿನ ನೀರು ತುಂಬಿ, ಗುಲಾಬಿ ಕಡ್ಡಿಯ ತುದಿಯನ್ನು ಅದರಲ್ಲಿ ಮುಳುಗಿಸಿ, ಹರಿತವಾದ ಚಾಕುವಿನಿಂದ ಬುಡದಿಂದ ಎರಡು ಮೂರು ಸೆಂಟಿಮೀಟರು ಮೇಲೆ ಓರೆಯಾಗಿ ಕತ್ತರಿಸಿ. ಗುಲಾಬಿ ಎಲೆಗಳ ಮೂಲಕ ನೀರನ್ನು ಮೇಲಕ್ಕೆ ಎಳೆಯುತ್ತಲೇ ಇರುತ್ತದೆ. ಅಂಗಡಿಯಿಂದ ಮನೆಗೆ ಬರುವಷ್ಟು ಹೊತ್ತು ನೀರಿಲ್ಲದೆ ಇದ್ದಾಗ ಅದು ನೀರಿನ ಬದಲು ಗಾಳಿಯನ್ನು ಎಳೆದುಕೊಂಡಿರುತ್ತದೆ. ನಾಳದೊಳಗೆ ಒಂದು ಗುಳ್ಳೆ ಸೇರಿದರೆ ಕೆಳಗಿನ ನೀರು ಅದನ್ನು ದಾಟಿ ಮೇಲೇರುವುದು ಕಷ್ಟ. ಗುಳ್ಳೆ ಸಾಮಾನ್ಯವಾಗಿ ತುದಿಯ ಹತ್ತಿರವೇ ಇರುತ್ತದೆ. ಆ ತುಂಡನ್ನು ನೀರೊಳಗೇ ತೆಗೆದುಬಿಟ್ಟರೆ ಹೊಸ ಬಾಯಿಗೆ ಗಾಳಿ ಸೋಂಕುವ ಮೊದಲೇ ನೀರು ಸಿಗುತ್ತದೆ. ಬೆಚ್ಚಗಿನ ನೀರು ತಣ್ಣೀರಿಗಿಂತ ಬೇಗ ಏರುತ್ತದೆ. ಕಾಗದ ಕತ್ತರಿಸುವ ಕತ್ತರಿ ಮಾತ್ರ ಬೇಡ. ಅದು ಕಡ್ಡಿಯನ್ನು ಎರಡು ಕಡೆಯಿಂದ ಹಿಸುಕಿ, ನಾಳಗಳನ್ನು ಜಜ್ಜಿಬಿಡುತ್ತದೆ. ಓರೆಯಾಗಿ ಕತ್ತರಿಸಲು ಕಾರಣ, ಬಾಯಿ ಹೂದಾನಿಯ ತಳಕ್ಕೆ ಚಪ್ಪಟೆಯಾಗಿ ಕೂತು ಮುಚ್ಚಿಕೊಳ್ಳಬಾರದು ಎಂಬುದು.

ಆಮೇಲೆ ನೀರಿನೊಳಗೆ ಮುಳುಗುವಷ್ಟು ಎತ್ತರದ ಎಲೆಗಳನ್ನೆಲ್ಲ ತೆಗೆಯಬೇಕು. ನೀರಲ್ಲಿ ಮುಳುಗಿದ ಎಲೆ ಕೊಳೆಯುತ್ತದೆ, ಕೊಳೆತದ್ದು ಬ್ಯಾಕ್ಟೀರಿಯಾಗಳಿಗೆ ಆಹಾರ, ಅವು ಬೆಳೆದು ಕಡ್ಡಿಯ ಬಾಯಿಗೆ ಲೋಳೆ ಕಟ್ಟುತ್ತವೆ. ಮುಳ್ಳನ್ನು ಕೆತ್ತುವ ಭರದಲ್ಲಿ ತೊಗಟೆ ಸುಲಿಯಬೇಡಿ, ಆ ಗಾಯವೂ ಬ್ಯಾಕ್ಟೀರಿಯಾಗಳಿಗೆ ಬಾಗಿಲಾಗುತ್ತದೆ. ಗುಲಾಬಿಯ ಕತ್ತು ಬಾಗುವುದು ವಯಸ್ಸಿನಿಂದ ಅಂದುಕೊಳ್ಳುತ್ತೇವೆ. ಬಹಳ ಸಲ ಅದು ಬಾಯಾರಿಕೆ. ಕತ್ತು ಬಾಗಿದ ಗುಲಾಬಿಯ ತುದಿಯನ್ನು ಮತ್ತೆ ಕತ್ತರಿಸಿ, ಇಡೀ ಕಡ್ಡಿಯನ್ನು ಹೂವಿನ ಸಮೇತ ನೀರಿನ ಟಬ್ಬಿನಲ್ಲಿ ಒಂದು ಗಂಟೆ ಮಲಗಿಸಿದರೆ ಅದು ತಲೆ ಎತ್ತಿ ನಿಲ್ಲುವುದನ್ನು ನೋಡಬಹುದು. ಬಹಳ ತಡವಾಗಿರಬಾರದು ಅಷ್ಟೇ.

ಹೂದಾನಿ ಎಷ್ಟು ಶುಚಿಯಾಗಿರಬೇಕು ಎಂದರೆ, ಅದರಲ್ಲಿ ನಾವೇ ನೀರು ಕುಡಿಯುವಷ್ಟು. ನಮ್ಮ ಮನೆಗಳಲ್ಲಿ ಹಿತ್ತಾಳೆಯದೋ ಪಿಂಗಾಣಿಯದೋ ಕಿರಿದಾದ ಕತ್ತಿನ ಹೂದಾನಿಗಳೇ ಹೆಚ್ಚು, ಒಳಗೆ ಕೈ ಹೋಗುವುದಿಲ್ಲ. ಒಂದು ಹಿಡಿ ಅಕ್ಕಿ, ನಾಲ್ಕು ಹನಿ ಪಾತ್ರೆ ಸೋಪು, ಸ್ವಲ್ಪ ಬಿಸಿನೀರು ಹಾಕಿ ಚೆನ್ನಾಗಿ ಕುಲುಕಿದರೆ ಒಳಗಿನ ಲೋಳೆ ಬಿಟ್ಟುಬರುತ್ತದೆ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಅದೇ ಹೊತ್ತಿಗೆ ಕಡ್ಡಿಯನ್ನೂ ಒಂದಿಷ್ಟು ಕತ್ತರಿಸುವ ಅಭ್ಯಾಸವೊಂದಿದ್ದರೆ ಉಳಿದ ಔಷಧಿಗಳ ಅರ್ಧ ಅಗತ್ಯ ತಪ್ಪುತ್ತದೆ.

ಔಷಧಿ ಎಂದೆ. ಆಸ್ಪಿರಿನ್ ಮಾತ್ರೆ, ತಾಮ್ರದ ನಾಣ್ಯ ಹಾಕಿ ಎಂಬ ಸಲಹೆಗಳು ಮನೆಯಿಂದ ಮನೆಗೆ ಓಡಾಡುತ್ತಿರುತ್ತವೆ. ಅವುಗಳಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಅಂಗಡಿಯಲ್ಲಿ ಸಿಗುವ ಹೂವಿನ ಪುಡಿಯ ಪೊಟ್ಟಣದಲ್ಲಿ ಇರುವುದು ಮುಖ್ಯವಾಗಿ ಮೂರು. ಹೂವಿಗೆ ಆಹಾರವಾಗುವ ಸಕ್ಕರೆ, ನೀರನ್ನು ಸುಲಭವಾಗಿ ಮೇಲೇರಿಸುವ ಹುಳಿ, ಬ್ಯಾಕ್ಟೀರಿಯಾ ತಡೆಯುವ ಒಂದು ಪದಾರ್ಥ. ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಗಾಜಿನ ಅಥವಾ ಪಿಂಗಾಣಿಯ ಹೂದಾನಿಗೆ ಒಂದು ಲೀಟರು ನೀರು ತುಂಬಿ, ಒಂದು ಟೀ ಚಮಚ ಸಕ್ಕರೆ, ಎರಡು ಟೀ ಚಮಚ ನಿಂಬೆರಸ ಕದಡಿ, ಕೊನೆಗೆ ಬಟ್ಟೆಗೆ ಹಾಕುವ ಬ್ಲೀಚ್ ದ್ರವವನ್ನು ಕಾಲು ಟೀ ಚಮಚ ಮಾತ್ರ ಸೇರಿಸಬೇಕು. ಬ್ಲೀಚನ್ನೂ ನಿಂಬೆರಸವನ್ನೂ ನೀರಿಲ್ಲದೆ ನೇರವಾಗಿ ಬೆರೆಸಲೇಬಾರದು, ವಿಷದ ಗಾಳಿ ಏಳುತ್ತದೆ. ಮಕ್ಕಳ ಕೈಗೆ, ಬೆಕ್ಕು ನಾಯಿಗಳ ಬಾಯಿಗೆ ಈ ನೀರು ಸಿಗದಂತೆಯೂ ನೋಡಿಕೊಳ್ಳಬೇಕು. ಬ್ಲೀಚ್ ಬೇಡ ಅನ್ನುವವರು ಸಕ್ಕರೆಯನ್ನೂ ಬಿಡಬೇಕು. ಬರೀ ಸಕ್ಕರೆ ಹಾಕಿದರೆ ಹೂವಿಗಿಂತ ಮೊದಲು ಅದನ್ನು ಉಣ್ಣುವುದು ಬ್ಯಾಕ್ಟೀರಿಯಾ. ಅಂಥವರಿಗೆ ದಿನಾ ನೀರು ಬದಲಿಸುವುದೇ ದಾರಿ.

ನಮ್ಮ ಕಡೆಯ ನೀರು

ದಕ್ಷಿಣ ಬೆಂಗಳೂರಿನ ಹೂದಾನಿಗೆ ಬೀಳುವ ನೀರು ಎಲ್ಲ ಕಡೆ ಒಂದೇ ಅಲ್ಲ. ಜಯನಗರದ ಹಳೆಯ ಬಡಾವಣೆಗಳ ನಲ್ಲಿಯಲ್ಲಿ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರು ದೂರ ಪಂಪಾಗಿ ಬರುವ ಕಾವೇರಿ. ಜೆ.ಪಿ. ನಗರದ ಆಚೆಯ ಹಂತಗಳಲ್ಲಿ, ಬಿಟಿಎಂ ಲೇಔಟಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಕೊಳವೆ ಬಾವಿಯ ಅಥವಾ ಟ್ಯಾಂಕರಿನ ಗಡಸು ನೀರು. ಕಾವೇರಿ ನೀರಲ್ಲಿರುವ ಕ್ಲೋರಿನ್ ಹೂವಿಗೆ ತೊಂದರೆ ಮಾಡುವುದಿಲ್ಲ, ಬ್ಯಾಕ್ಟೀರಿಯಾ ತಡೆಯಲು ಒಂದಿಷ್ಟು ಒತ್ತಾಸೆಯೇ ಆಗುತ್ತದೆ. ಗಡಸು ನೀರು ಹಾಗಲ್ಲ. ಅದರಲ್ಲಿರುವ ಕ್ಷಾರ ನಾವು ಹಿಂಡಿದ ನಿಂಬೆಯ ಹುಳಿಯನ್ನು ತಿಂದುಹಾಕುತ್ತದೆ. ಅಲ್ಲಿ ನಿಂಬೆರಸ ಸ್ವಲ್ಪ ಹೆಚ್ಚು ಬೇಕಾಗುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ಸಾಫ್ಟ್‌ನರ್. ಗಡಸು ನೀರಿನ ಅಪಾರ್ಟ್‌ಮೆಂಟುಗಳು ಉಪ್ಪು ಹಾಕಿ ನಡೆಸುವ ಸಾಫ್ಟ್‌ನರ್ ಯಂತ್ರ ಇಟ್ಟುಕೊಂಡಿರುತ್ತವೆ. ಅದು ಸುಣ್ಣದ ಅಂಶ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಬಟ್ಟೆ ಒಗೆಯಲು, ಸ್ನಾನಕ್ಕೆ ಅದು ಒಳ್ಳೆಯದು. ಗುಲಾಬಿ ಮತ್ತು ಕಾರ್ನೇಷನ್‌ಗೆ ಗಡಸು ನೀರಿಗಿಂತಲೂ ಕೆಟ್ಟದ್ದು. ಹೂ ನಿಲ್ಲುತ್ತಲೇ ಇಲ್ಲ ಎಂದು ಬೇಸರಪಡುವ ಅಪಾರ್ಟ್‌ಮೆಂಟಿನವರು ಮೊದಲು ಅನುಮಾನಿಸಬೇಕಾದ್ದು ಇದನ್ನು. ಅಂಥ ಮನೆಯಲ್ಲಿ ಹೂದಾನಿಗೆ ಅಡುಗೆಮನೆಯ ಆರ್‌ಒ ನೀರನ್ನೇ ಹಾಕಬೇಕು. ಒಂದು ಹೂದಾನಿಗೆ ಬೇಕಾಗುವುದು ಒಂದು ಲೀಟರು. ಗ್ಲಾಡಿಯೋಲಸ್‌ಗೆ ಫ್ಲೋರೈಡ್ ಇರುವ ನೀರು ಆಗದು, ಅದಕ್ಕೂ ಆರ್‌ಒ ನೀರೇ ಕ್ಷೇಮ.

ಹೂವಿನ ಜಾತಿ ನೋಡಿಯೂ ನಡೆದುಕೊಳ್ಳಬೇಕು. ಜರ್ಬೆರಾದ ದಂಟು ಟೊಳ್ಳು, ಮೈಮೇಲೆ ನವಿರು ರೋಮ. ಕುತ್ತಿಗೆವರೆಗೂ ನೀರು ತುಂಬಿದರೆ ದಂಟೇ ಕೊಳೆತು ಮಡಚಿಕೊಳ್ಳುತ್ತದೆ. ಅದಕ್ಕೆ ನಾಲ್ಕು ಬೆರಳು ನೀರು ಸಾಕು, ದಿನಾ ಬದಲಾಗಬೇಕು. ಗ್ಲಾಡಿಯೋಲಸ್ ಮತ್ತು ಸುಗಂಧರಾಜ ಬುಡದಿಂದ ತುದಿಗೆ ಅರಳುತ್ತ ಹೋಗುತ್ತವೆ. ಕೆಳಗಿನ ಒಂದೆರಡು ಮೊಗ್ಗು ಬಣ್ಣ ತೋರುತ್ತಿರುವ ದಂಟನ್ನು ಆರಿಸಿ, ಬಾಡಿದ್ದನ್ನು ಚಿವುಟುತ್ತ ಬಂದರೆ ಮೇಲಿನವು ಅರಳುತ್ತವೆ. ಗ್ಲಾಡಿಯೋಲಸ್ಸನ್ನು ರಾತ್ರಿಯೆಲ್ಲ ಅಡ್ಡ ಮಲಗಿಸಿದರೆ ಅದರ ತುದಿ ಆಕಾಶದ ಕಡೆಗೆ ಬಾಗುತ್ತದೆ, ಆ ಡೊಂಕು ಮತ್ತೆ ನೇರವಾಗುವುದಿಲ್ಲ. ಸುಗಂಧರಾಜದಲ್ಲಿ ಒಂಟಿ ಎಸಳಿನ ಜಾತಿ ಹಾರಕ್ಕೆ, ಸುತ್ತು ಎಸಳಿನದು ಹೂದಾನಿಗೆ. ಆಂಥೂರಿಯಂ, ಆರ್ಕಿಡ್‌ಗಳನ್ನು ಫ್ರಿಜ್ಜಿಗೆ ಸೇರಿಸಬೇಡಿ. ಉಷ್ಣ ನಾಡಿನ ಆ ಹೂಗಳು ಅಷ್ಟು ಚಳಿ ತಾಳದೆ ಕಪ್ಪಾಗುತ್ತವೆ. ಕೊಡಗಿನ ಕಾಫಿ ತೋಟಗಳ ನಡುವೆ ಬೆಳೆದು ಬರುವ ಆಂಥೂರಿಯಂ ಬರೀ ಹಾಲಿನ ಮೂಲೆಯಲ್ಲೇ ಎರಡು ಮೂರು ವಾರ ನಿಲ್ಲುತ್ತದೆ. ದುಡ್ಡಿಗೆ ತಕ್ಕ ಬಾಳಿಕೆ ಬೇಕೆಂದವರು ಅದನ್ನೋ ಕಡ್ಡಿ ಸೇವಂತಿಗೆಯನ್ನೋ ತರಲಿ.

ಹುಟ್ಟುಹಬ್ಬಕ್ಕೆ ಬರುವ ಬೊಕೆ ಬುಟ್ಟಿಯ ತಳದಲ್ಲಿ ಹಸಿರು ಸ್ಪಂಜಿನಂಥದ್ದು ಇರುತ್ತದಲ್ಲ, ಅದು ಓಯಸಿಸ್, 1954ರಲ್ಲಿ ಅಮೆರಿಕದ ವರ್ನಾನ್ ಸ್ಮಿದರ್ಸ್ ಕಂಡುಹಿಡಿದದ್ದು. ಅದು ಒಮ್ಮೆ ಒಣಗಿದರೆ ಮತ್ತೆ ಸರಿಯಾಗಿ ನೆನೆಯುವುದಿಲ್ಲ, ಮಣ್ಣಿಗೆ ಹಾಕಿದರೆ ಕರಗುವುದೂ ಇಲ್ಲ. ಬುಟ್ಟಿ ಚೆನ್ನಾಗಿದೆ ಎಂದು ಹಾಗೆಯೇ ಇಡುವುದಾದರೆ ದಿನಾ ಒಂದು ಲೋಟ ನೀರು ಹಾಕಿ. ಕಡ್ಡಿಗಳನ್ನು ಕಿತ್ತು, ಬುಡ ಕತ್ತರಿಸಿ ಹೂದಾನಿಗೆ ಹಾಕುವುದು ಇನ್ನೂ ಒಳ್ಳೆಯದು.

ಬಾಳೆಹಣ್ಣಿನ ಬುಟ್ಟಿಯ ಮಾತು ಬಾಕಿ ಉಳಿದಿದೆ. ಹಣ್ಣಾಗುತ್ತಿರುವ ಬಾಳೆ, ಸೇಬು, ಮಾವು ಎಥಿಲೀನ್ ಎಂಬ ಅನಿಲ ಬಿಡುತ್ತವೆ. 1901ರಲ್ಲಿ ರಷ್ಯಾದ ದಿಮಿತ್ರಿ ನೆಲ್ಯುಬೊವ್, ದೀಪ ಉರಿಸುವ ಅನಿಲದಲ್ಲಿದ್ದ ಎಥಿಲೀನಿನಿಂದ ಬಟಾಣಿ ಸಸಿಗಳ ಬೆಳವಣಿಗೆ ಕೆಡುವುದನ್ನು ತೋರಿಸಿದರು. ಗಿಡಕ್ಕೆ ಅದು ಮುಪ್ಪಿನ ಸಂಜ್ಞೆ. ಕಾರ್ನೇಷನ್ ಅದಕ್ಕೆ ತೀರ ಸೂಕ್ಷ್ಮ. ಸ್ವಲ್ಪ ತಾಗಿದರೂ ಎಸಳು ಒಳಕ್ಕೆ ಮುದುಡಿ ನಿದ್ದೆ ಹೋದಂತೆ ಕಾಣುತ್ತದೆ. 1978ರಲ್ಲಿ ನೆದರ್‌ಲ್ಯಾಂಡ್ಸಿನ ಇಬ್ಬರು ವಿಜ್ಞಾನಿಗಳು ಬೆಳ್ಳಿಯ ಒಂದು ಲವಣವನ್ನು ಕಾರ್ನೇಷನ್ ಕಡ್ಡಿಗೆ ಕುಡಿಸಿ ಈ ಅನಿಲ ಹೂವಿಗೆ ತಾಗದಂತೆ ಮಾಡಿದ ಮೇಲೆ ಲೋಕದ ಹೂ ವ್ಯಾಪಾರವೇ ಬದಲಾಯಿತು. ಅದು ಬೆಳೆಗಾರರ ಹಂತದಲ್ಲಿ ಆಗುವ ಕೆಲಸ. ಮನೆಯಲ್ಲಿ ನಾವು ಮಾಡಬಹುದಾದ್ದು ಹಣ್ಣನ್ನೂ ಹೂವನ್ನೂ ಬೇರೆ ಬೇರೆ ಕೋಣೆಯಲ್ಲಿ ಇಡುವುದು, ಬಾಡಿದ ಹೂವನ್ನು ಕೂಡಲೇ ತೆಗೆಯುವುದು. ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ ಸೇಬಿನ ಪಕ್ಕ ಹೂ ಇಡುವುದೂ ಸಲ್ಲ. ಹೊಗೆಯಲ್ಲೂ ಎಥಿಲೀನ್ ಇರುತ್ತದೆ, ಊದುಬತ್ತಿಯ ಹೊಗೆಯಲ್ಲೂ, ವಾಹನಗಳ ಹೊಗೆಯಲ್ಲೂ.

ವಾಹನಗಳ ಹೊಗೆ ಎಂದ ಮೇಲೆ ಮತ್ತೆ ಬೀದಿಗೇ ಬರಬೇಕು. ನಾವು ಮನೆಯಲ್ಲಿ ಎಷ್ಟೇ ಜೋಪಾನ ಮಾಡಿದರೂ ಹೂವಿನ ಆಯುಷ್ಯದ ದೊಡ್ಡ ಪಾಲು ಕರಗುವುದು ಫುಟ್‌ಪಾತಿನ ಮೇಲೆ. ಈ ಕಡೆಗೆ ಗಿಡ ತೋಟಗಳ ನಂಟು ಹಳೆಯದು. ಲಾಲ್‌ಬಾಗಿನ ಮಗ್ಗುಲಿನ ಸಿದ್ದಾಪುರದಲ್ಲಿ ತಿಗಳ ಸಮುದಾಯದವರು ತಲೆಮಾರುಗಳಿಂದ ನರ್ಸರಿ ನಡೆಸಿಕೊಂಡು ಬಂದಿದ್ದಾರೆ. 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರ ಮತ್ತು ಅದರ ಸುತ್ತಣ ಬಡಾವಣೆಗಳು ಎದ್ದು ನಿಂತದ್ದು ಹಳೆಯ ಹಳ್ಳಿಗಳ ಹೊಲ ತೋಟಗಳ ಮೇಲೆ. ಹೀಗೆ ಹಿಂದೆ ತೋಟವಾಗಿದ್ದ ಜಾಗದಲ್ಲೇ ಇವತ್ತು ಹೂ ಮಾರುವ ಹೆಂಗಸು ಮಧ್ಯಾಹ್ನವಿಡೀ ಒಂದು ಕೊಡೆಯ ಕೆಳಗೆ, ಬಸ್ಸಿನ ಹೊಗೆಗೆ ಮುಖ ಮಾಡಿ, ಹತ್ತಿರದ ಹೋಟೆಲಿನಿಂದ ಬೇಡಿ ತಂದ ಒಂದು ಬಕೆಟ್ ನೀರಿನಲ್ಲಿ ಹೂ ಉಳಿಸಿಕೊಳ್ಳುತ್ತಾರೆ. ಬೀದಿ ವ್ಯಾಪಾರಿಗಳಿಗೆ ಗೊತ್ತಾದ ಜಾಗ ಕೊಟ್ಟು ವ್ಯಾಪಾರಕ್ಕೆ ರಕ್ಷಣೆ ಕೊಡಬೇಕೆಂದು 2014ರ ಕಾಯ್ದೆಯಿದೆ. ಗಾಂಧಿ ಬಜಾರಿನ ರಸ್ತೆಯನ್ನು ಅಗೆದು ಹೊಸದಾಗಿ ಕಟ್ಟಿದ ಮೇಲೆ ಬೀದಿ ವ್ಯಾಪಾರಕ್ಕೆ ಏನೇನು ಬೇಕು ಎಂಬ ಮಾತು ಎಲ್ಲರ ಬಾಯಲ್ಲೂ ಬಂತು. ಹೂವಿನ ಸಾಲಿಗೆ ನಾನು ಕೇಳುವುದು ಎರಡೇ: ಪಡುವಣ ಬಿಸಿಲು ತಡೆಯುವ ಒಂದು ಚಾವಣಿ, ಹತ್ತು ಬುಟ್ಟಿಗಳಿಗೆ ಒಂದರಂತೆ ಕುಡಿಯುವ ನೀರಿನ ನಲ್ಲಿ. ಬಕೆಟ್ಟಿನ ನೀರು ದಿನಾ ಬದಲಾದರೆ ಬಂಚಿನ ಗುಲಾಬಿ ನಮ್ಮ ಮನೆಯಲ್ಲಿ ಇನ್ನೂ ಎರಡು ದಿನ ಹೆಚ್ಚು ನಿಲ್ಲುತ್ತದೆ, ನೆರಳಿದ್ದರೆ ಮಾರಾಟವಾಗದೆ ಉಳಿದ ಮಲ್ಲಿಗೆ ರಾತ್ರಿ ಮೋರಿಯ ಪಕ್ಕ ಬೀಳುವುದು ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಕೊಳ್ಳುವವರು ಬೆಳಿಗ್ಗೆಯೇ ಹೋಗಿ, ಯಾವಾಗ ಬಂದ ಹೂ ಅಮ್ಮ ಎಂದು ಕೇಳಿ ತರುವುದು ಒಳ್ಳೆಯದು. ಕೇಳಿದವರಿಗೆ ಅವರು ಬಕೆಟ್ಟಿನ ಹಿಂದೆ ತೆಗೆದಿಟ್ಟ ಹೊಸ ಬಂಚನ್ನು ಕೊಡುತ್ತಾರೆ.